ದ್ಯಾಮೇಶನ ಗ್ರೂಪ್ ಫೋಟೊ

ದ್ಯಾಮೇಶನಿಗೆ ದೇವರು ಕೈಕಾಲು ಗಟ್ಟಿಮುಟ್ಟಾಗಿಯೇ ಕೊಟ್ಟಿದ್ದ. ಬಾಯಿಯನ್ನೂ ಕೊಟ್ಟಿದ್ದ, ಆದರೆ ಅದರೊಳಗೆ 'ಇಲ್ಲ' ಎಂಬ ಮಾತನ್ನು ಇಡುವುದನ್ನೇ ಮರೆತುಬಿಟ್ಟಿದ್ದ. ಯಾರು ಏನು ಹೇಳಲಿ, 'ಹೂನ್ರಿ' ಎಂದು ಓಡುವುದೊಂದೇ ಗೊತ್ತು. ಎಂಟನೆಯ ತರಗತಿಯ ಗ್ರೂಪ್ ಫೋಟೊ ತೆಗೆಯುವಾಗ ಅವನು ಹೆಡ್‌ಮಾಸ್ತರರ ಕನ್ನಡಕ ತರಲು ಹೋಗಿದ್ದ. ಒಂಬತ್ತರಲ್ಲಿ, ಫೋಟೊಗೆ ಅಡ್ಡ ಬಂದ ಎಮ್ಮೆಯನ್ನು ಅಟ್ಟಲು ಹೋಗಿದ್ದ. ಎಮ್ಮೆಯ ಬಾಲ ಫೋಟೊದಲ್ಲಿ ಬಂತು, ದ್ಯಾಮೇಶ ಬರಲಿಲ್ಲ.

ಇದು ಪುರ್ತಗೇರಿಯ ಅವನ ಅಜ್ಜಿ ಮುದುಕವ್ವನ ತಲೆಯಲ್ಲಿ ಹುಳ ಬಿಟ್ಟಿತ್ತು.

"ಎರಡೂ ಫೋಟೊದಾಗ ಊರಮಂದಿ ಮಕ್ಕಳೆಲ್ಲಾ ಅದಾವ, ನೀ ಒಬ್ಬಾಂವ ಇಲ್ಲ. ಖರೇ ಹೇಳು, ಸಾಲಿಗಿ ಹೋಗ್ತೀಯೋ, ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ್ಯಾಗ ಕುಂತು ಬರ್ತೀಯೋ?"

"ಆಯಿ, ನಿನ್ನಾಣಿ, ದಿನಾ ಹೋಗ್ತೀನಿ."

"ಆಣಿ ಗೀಣಿ ಬ್ಯಾಡ. ಹತ್ತನೇತ್ತೆ ಫೋಟೊದಾಗ ನಿನ್ನ ಮಾರಿ ಕಂಡ್ರ ರೋಣದ ಕಾಲೇಜು. ಕಾಣಲಿಲ್ಲಂದ್ರ ನರಗುಂದದಾಗ ನಿಮ್ಮ ಮಾಮಾನ ಹಿಟ್ಟಿನ ಗಿರಣಿ. ಮುಗೀತು."

ಮುದುಕವ್ವ ಮುಗೀತು ಅಂದರೆ ಆ ಮನೆಯಲ್ಲಿ ಮುಗಿದಂತೆಯೇ. ದ್ಯಾಮೇಶನಿಗೋ ಕಾಲೇಜಿನ ಆಸೆ ಬೆಟ್ಟದಷ್ಟು. ಅದಕ್ಕೇ ಬೀಳ್ಕೊಡುಗೆಯ ದಿನ ಇಸ್ತ್ರಿ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ, ಬಸ್ಸಿನುದ್ದಕ್ಕೂ 'ಒಲ್ಲೆ, ಒಲ್ಲೆ' ಎಂದು ರೂಢಿ ಮಾಡುತ್ತ ಬಂದ. ಕಂಡಕ್ಟರ್ ಪಾಸ್ ತೋರಿಸು ಎಂದಾಗಲೂ "ಒಲ್ಲೆ" ಎಂದು ಚೆನ್ನಾಗಿ ಬೈಸಿಕೊಂಡ.

ಬೆಳಿಗ್ಗೆ ಹತ್ತಕ್ಕೆ ಫೋಟೊ. ಅದಕ್ಕೆ ಕಟ್ಟು ಹಾಕಿಸಿ ಸಂಜೆ ನಾಲ್ಕರ ಸಮಾರಂಭದಲ್ಲಿ ಶಾಲೆಗೆ ಕೊಡುವುದು ಆ ಹೈಸ್ಕೂಲಿನ ಪದ್ಧತಿ. ಫೋಟೊದ ಕೆಳಗೆ ಎಡದಿಂದ ಬಲಕ್ಕೆ ಎಲ್ಲರ ಹೆಸರು, ಬಾರದವರ ಹೆಸರು ಕೊನೆಗೆ 'ಗೈರುಹಾಜರು' ಎಂದು. ಕ್ಲಾಸ್ ಟೀಚರ್ ಸಂಗನಬಸವ ಸರ್ ಹುಡುಗರನ್ನು ಹಿಂದಿನ ಬೆಂಚುಗಳ ಮೇಲೆ ಹತ್ತಿಸಿ, ನಿಂತಂತೆಯೇ ಹೆಸರು ಬರೆದುಕೊಳ್ಳತೊಡಗಿದರು.

"ಏ ದ್ಯಾಮೇಶ, ಇನ್ನೊಂದ ಕುರ್ಚಿ ತಗೊಂಬಾ."

'ಒಲ್ಲೆ' ಎಂಬ ಮಾತು ಗಂಟಲ ತನಕ ಬಂತು. ತುಟಿ ದಾಟುವಾಗ ಅದು "ಹೂನ್ರಿ ಸರ್" ಆಗಿತ್ತು.

ಕುರ್ಚಿ ತಂದದ್ದೇ ತಡ, ಫೋಟೊಗ್ರಾಫರ್ ಮದರಸಾಬ, "ತಮ್ಮಾ, ಆ ಸೈಕಲ್ ಒಂದೀಟ ಸರಸು" ಎಂದ. ಸೈಕಲ್ ಸರಿಸಿದರೆ, "ಸ್ಟ್ಯಾಂಡ್ ಅಳ್ಳಾಡಾಕ ಹತ್ತೈತಿ, ಒಂದ ಕಲ್ಲ ತಾ" ಎಂದ. ಚಪ್ಪಟೆ ಕಲ್ಲು ಹುಡುಕುತ್ತ ದ್ಯಾಮೇಶ ಕಂಪೌಂಡಿನ ಆಚೆ ಇದ್ದಾಗ ಇತ್ತ ಸರ್ ಪಟ್ಟಿ ಮುಗಿಸಿ, "ದ್ಯಾಮೇಶ ಎಲ್ಲೋ? ಇವತ್ತ ಬಂದೇ ಇಲ್ಲೇನು?" ಎಂದು ಗೊಣಗಿ, ಅವನನ್ನು ಗೈರಿಗೆ ಸೇರಿಸಿ, ಸಹಿ ಹಾಕಿ ಪಟ್ಟಿಯನ್ನು ಮದರಸಾಬನ ಜೇಬಿಗೆ ಇಟ್ಟರು. ತಾವೇ ಕುರ್ಚಿ ತರಿಸಿದ್ದು ಪುಣ್ಯಾತ್ಮರಿಗೆ ನೆನಪೇ ಇರಲಿಲ್ಲ.

"ರೆಡೀ..."

ದ್ಯಾಮೇಶ ಕಲ್ಲು ಇಟ್ಟವನೇ ಓಡಿ ಬಂದು ಬೆಂಚಿನ ಎಡತುದಿಗೆ ಹಾರಿದ. ಪಕ್ಕದಲ್ಲಿದ್ದ ಸಲಾವುದ್ದೀನ ಅವನು ಬೀಳದಂತೆ ಕಾಲರ್ ಹಿಡಿದ. ಕ್ಲಿಕ್! ದ್ಯಾಮೇಶನ ಮೂವತ್ತೆರಡೂ ಹಲ್ಲು ಫೋಟೊದೊಳಗೆ ಹೋದವು. ಅವನಿಗೆ ಆಗಲೇ ರೋಣದ ಕಾಲೇಜಿನ ಗೇಟು ಕಂಡಂತಾಯಿತು.

ಎರಡು ಗಂಟೆಗೆ ಕಟ್ಟು ಹಾಕಿದ ಫೋಟೊ ಬಂತು. ಎಲ್ಲರೂ ಮುಗಿಬಿದ್ದು ನೋಡಿದರು. ದ್ಯಾಮೇಶನ ಮುಖ ಹಾಲು ಕುಡಿದಷ್ಟು ಚೆನ್ನಾಗಿ ನಗುತ್ತಿತ್ತು. ಆದರೆ ಪಟ್ಟಿಯಲ್ಲಿ ಇಲ್ಲದವನು ಸಾಲಿನ ಮೊದಲಿಗೇ ಬಂದು ನಿಂತದ್ದರಿಂದ ಹಿಂದಿನ ಸಾಲಿನ ಹೆಸರೆಲ್ಲ ಒಂದೊಂದು ಮುಖದಷ್ಟು ಜರುಗಿದ್ದವು. ದ್ಯಾಮೇಶ ಸಲಾವುದ್ದೀನನಾಗಿದ್ದ. ಸಲಾವುದ್ದೀನ ಬಸ್ಯಾ ಆಗಿದ್ದ.

"ನಾ ಯಾವಾಗಿಂದ ಬಸ್ಯಾ ಆದೆ?" ಎಂದು ಸಲಾವುದ್ದೀನ ಕೂಗಿದ.

"ಯಾಕಪಾ, ಬಸ್ಯಾಗ ಏನ್ ಕಡಿಮಿ ಆಗೇತಿ?" ಎಂದು ಬಸ್ಯಾ ತೋಳು ಏರಿಸಿದ.

ಬಲತುದಿಯ ಟಿಪ್ಪುಸಾಬನ ಸಂಕಟವೇ ಬೇರೆ. "ಸರ್, ನನಗ ಹೆಸರೇ ಇಲ್ರಿ! ಹತ್ತ ವರ್ಷ ಸಾಲಿ ಕಲ್ತು ಹೆಸರಿಲ್ಲದಂಗ ಹೊಂಟೆ! ಎಲ್ಲಾ ಈ ದ್ಯಾಮ್ಯಾನ ಸಲುವಾಗಿ!"

ಸರ್ ತಲೆ ಕೆರೆದುಕೊಂಡರು. "ಆತ ಬಿಡ್ರಿ, ಮದರಸಾಬಗ ಹೇಳಿ ಸರಿ ಮಾಡಸೂಣು. ಯಾರ ಹೋಗ್ತೀರಿ?"

ಯಾರು ಹೋದರೆಂದು ಬೇರೆ ಹೇಳಬೇಕೇ?

ಸ್ಟುಡಿಯೋದಲ್ಲಿ ಮದರಸಾಬ ಪಟ್ಟಿ ನೋಡಿದ, ಫೋಟೊ ನೋಡಿದ, ಗಡ್ಡ ನೀವಿಕೊಂಡ. "ಇಷ್ಟೇ ಹೌದಿಲ್ಲೋ? ಲಗೂನ ಮಾಡಿಕೊಡ್ತೀನಿ. ಅಲ್ಲೀತನ ಎರಡ ಚಾ ಹೇಳಿ ಬಾ ತಮ್ಮಾ." ದ್ಯಾಮೇಶ ಚಹಾ ತರುವಷ್ಟರಲ್ಲಿ ಫೋಟೊ ಮತ್ತೆ ಕಟ್ಟಿನೊಳಗೆ ಸೇರಿ, ಮೇಲೆ ಬಣ್ಣದ ಕಾಗದವನ್ನೂ ಸುತ್ತಿಸಿಕೊಂಡಿತ್ತು. ಅವನು ಅದನ್ನು ಎದೆಗವಚಿಕೊಂಡು ನಾಲ್ಕಕ್ಕೆ ಸರಿಯಾಗಿ ಶಾಲೆಗೆ ಓಡಿ ಬಂದ. ಮುದುಕವ್ವನೂ ಆಗಷ್ಟೇ ಬಸ್ ಇಳಿದು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಳು. ಗದ್ದಲ ಅವಳ ಕಣ್ಣಿಗೆ ಬೀಳಲಿಲ್ಲವಲ್ಲ, ದೇವರು ದೊಡ್ಡವನು ಎಂದುಕೊಂಡ ದ್ಯಾಮೇಶ.

ವೇದಿಕೆಯ ಮೇಲೆ ಸರ್ ಕಾಗದ ಬಿಚ್ಚಿ ಫೋಟೊ ಎತ್ತಿ ತೋರಿಸಿದರು. ಚಪ್ಪಾಳೆ ಬಿತ್ತು. ಸಲಾವುದ್ದೀನನ ಕೆಳಗೆ ಸಲಾವುದ್ದೀನ, ಬಸ್ಯಾನ ಕೆಳಗೆ ಬಸ್ಯಾ, ಟಿಪ್ಪುಸಾಬನಿಗೂ ಹೆಸರು. ಗೈರುಹಾಜರು: ದ್ಯಾಮೇಶ. ಅವನು ನಿಂತಿದ್ದ ಎಡತುದಿಯಲ್ಲಿ ಶಾಲೆಯ ಸುಣ್ಣದ ಗೋಡೆ ಸ್ವಚ್ಛವಾಗಿ ಹೊಳೆಯುತ್ತಿತ್ತು.

ಸರ್ ಬೆವರುತ್ತ ಮೈಕಿನ ಮುಂದೆಯೇ ನಿಂತು ಫೋನ್ ಹಚ್ಚಿದರು. ಮದರಸಾಬನ ದನಿ ಮೈಕಿನಲ್ಲೇ ಕೇಳಿಸಿತು. "ಹನ್ನೊಂದ ಹೆಸರ ತಿದ್ದೂದಕಿಂತ ಒಂದ ಮಾರಿ ಅಳಸೂದು ಸರಳ ಅಲ್ರೀ ಸರ್? ಗೈರ ಇದ್ದ ಹುಡುಗ ಫೋಟೊದಾಗ ಹ್ಯಾಂಗ ಬರ್ತಾನ? ಪಟ್ಟಿ ಮ್ಯಾಲ ನಿಮ್ಮ ಸಹಿ ಐತಿ. ಆ ಮಾರಿ ಮ್ಯಾಲ ಯಾರ ಸಹಿ ಇತ್ರಿ?"

ಮುದುಕವ್ವ ಎದ್ದು ನಿಂತಳು. "ತಿಳೀತ್ರಿ ಮಾಸ್ತರ. ನಡಿಯೋ, ನಾಳೆ ಗಿರಣಿಗಿ."

ದ್ಯಾಮೇಶನ ಕಣ್ಣಲ್ಲಿ ನೀರು ತುಂಬಿತು. ಅದನ್ನು ಕಂಡದ್ದೇ ಇಡೀ ತರಗತಿ ಮುದುಕವ್ವನ ಸುತ್ತ ಕವಿಯಿತು.

"ಆಯಿ, ಹಂಗ ಮಾಡಬ್ಯಾಡ್ರಿ," ಎಂದಳು ತಬಸ್ಸುಮ. "ಎಂಟನೇತ್ತೆದಾಗ ನನಗ ಚಕ್ಕರ ಬಂದು ಬಿದ್ದಾಗ ನಮ್ಮ ಅಮ್ಮೀನ ಕರಿಯಾಕ ಓಡಿದಾಂವ ಇಂವನ. ಗಣಿತದ ಪಿರಿಯಡ್ ಬಿಟ್ಟು ಓಡಿದ್ದ."

"ನಾ ಕಾಲ ಮುರಕೊಂಡಾಗ ಹೊತಗೊಂಡ ದವಾಖಾನಿಗಿ ಒಯ್ದಾನ್ರಿ," ಎಂದ ಬಸ್ಯಾ. "ಇಂಗ್ಲಿಷ್ ಕ್ಲಾಸ್ ನಡದಿತ್ತು."

"ನಾ ಮರತ ಬಂದ ಬುತ್ತಿ ತರಾಕ ವಿಜ್ಞಾನದ ಪಿರಿಯಡ್‌ನ್ಯಾಗ ಮೂರ ಸಲ ನಮ್ಮನಿಗಿ ಹೋಗ್ಯಾನ," ಎಂದ ಸಲಾವುದ್ದೀನ.

ಸಂಗನಬಸವ ಸರ್ ಕೂಡ ಗದ್ಗದಿತರಾದರು. "ಮುದುಕವ್ವಾರ, ನನ್ನ ಸಮಾಜ ಪಾಠಕ್ಕ ದಿನಾ ಚಾ ತಂದಾಂವ ಇಂವ. ಇಂಥಾ ಹುಡುಗ ಮತ್ತ ಸಿಗಂಗಿಲ್ರಿ."

ನೆನಪುಗಳು ಒಂದರ ಹಿಂದೊಂದು ಬಂದವು. ಮೂರು ವರ್ಷ ಜಗಳಾಡಿದವರೆಲ್ಲ ಒಬ್ಬರ ಹೆಗಲ ಮೇಲೊಬ್ಬರು ಅತ್ತರು. ಕಾಗದದ ಮೇಲೆ ಇಲ್ಲದಿದ್ದರೇನು, ಇಷ್ಟು ಜನರ ಮನಸ್ಸಿನಲ್ಲಿ ತಾನಿದ್ದೇನೆ ಎಂದು ದ್ಯಾಮೇಶನಿಗೆ ಎದೆ ತುಂಬಿ ಬಂತು. ಮುದುಕವ್ವನೂ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಒರೆಸಿಕೊಳ್ಳುತ್ತಲೇ ಬೆರಳು ಮಡಿಚಿ ಲೆಕ್ಕ ಹಾಕಿದಳು.

"ಗಣಿತದಾಗ ಓಡಿದಾ. ಇಂಗ್ಲಿಷಿನ್ಯಾಗ ಹುಡುಗನ್ನ ಹೊತ್ತಾ. ವಿಜ್ಞಾನದಾಗ ಬುತ್ತಿ ತಂದಾ. ನಿಮ್ಮ ಪಾಠದಾಗ ಚಾ ತಂದಾ. ಹಂಗಾರ ಮಾಸ್ತರ, ನನ್ನ ಮೊಮ್ಮಗ ಕ್ಲಾಸಿನ್ಯಾಗ ಕುಂತದ್ದು ಯಾವಾಗ್ರಿ?"

ಸರ್ ಫೋಟೊವನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದರು.

"ಹುಡುಗ ಚಲೋ ಅದಾನ. ಗಿರಣಿ ಬ್ಯಾಡ, ಕಾಲೇಜಿಗೇ ಕಳಸ್ತೀನಿ," ಎಂದಳು ಮುದುಕವ್ವ. ಹುಡುಗರು ಹೋ ಎಂದು ದ್ಯಾಮೇಶನನ್ನು ಎತ್ತಿ ಕುಣಿಸಿದರು. "ತಡೀರೋ, ಪೂರಾ ಕೇಳ್ರಿ. ದಿನಾ ನಾನೂ ಜೋಡಿ ಹೋಗಾಕಿ. ಕ್ಲಾಸಿನ ಬಾಗಲದಾಗನ ಕುಂದರ್ತೀನಿ. ಇಂವನ್ನ ಯಾವಾಂವ ಹೊರಗ ಕಳಸ್ತಾನ, ನೋಡೇಬಿಡ್ತೀನಿ."

ಕುಣಿಸುತ್ತಿದ್ದವರ ಕೈ ಸಡಿಲಾಗಿ ದ್ಯಾಮೇಶ ದೊಪ್ಪೆಂದು ನೆಲಕ್ಕೆ ಬಿದ್ದ. ಬಿದ್ದಲ್ಲಿಂದಲೇ ಕೈ ಮುಗಿದ.

"ಆಯಿ, ಅದು ಕಾಲೇಜು. ಅಲ್ಲಿ ಹುಡುಗ್ಯಾರೂ ಇರ್ತಾರ!"

"ಇರಲಿ ಬಿಡೋ," ಎಂದಳು ಮುದುಕವ್ವ, "ನನಗೂ ಮಾತಾಡಾಕ ಜೋಡಿ ಆತು."