ಮನುಷ್ಯನಿಗೊಂದು ದಿಂಬಿನ ಗವಸು

ನಮ್ಮ ಕಸುಬಿನಲ್ಲಿ ‘ಬೇಡ’ ಎಂಬ ಶಬ್ದಕ್ಕೆ ‘ಬೇಡ’ ಎಂಬ ಅರ್ಥವಿಲ್ಲ.

ನಾನು ಟಾರ್ಪಾಲು, ಹಗ್ಗ, ಗೋಣಿಚೀಲಗಳ ವ್ಯಾಪಾರಿ. ಗಿರಾಕಿ ಬೆಲೆ ಕೇಳುತ್ತಾನೆ, ಹೇಳುತ್ತೇನೆ. ‘ಬೇಡ ಬಿಡಿ’ ಎಂದು ಅಂಗಡಿಯ ಮೆಟ್ಟಿಲು ಇಳಿಯುತ್ತಾನೆ. ಇಳಿಯುವ ವೇಗ ನೋಡಿದರೆ ಸಾಕು, ಸರಕು ಅವನಿಗೆ ಎಷ್ಟು ಬೇಕಾಗಿದೆ ಎಂದು ಗೊತ್ತಾಗುತ್ತದೆ. ನಿಜಕ್ಕೂ ಬೇಡವಾದವನು ದಡದಡ ಇಳಿದುಬಿಡುತ್ತಾನೆ. ಬೇಕಾದವನು ಕಾಲಿಗೆ ಮುಳ್ಳು ಚುಚ್ಚಿದವನ ಹಾಗೆ ಹೆಜ್ಜೆ ಇಡುತ್ತಾನೆ, ಕಿವಿಯನ್ನು ಬೆನ್ನಿಗೆ ಅಂಟಿಸಿಕೊಂಡು. ಆಗ ನಾನು ‘ಬನ್ನಿ ಸ್ವಾಮೀ, ಬನ್ನಿ’ ಎನ್ನಬೇಕು. ಅವನು ದೊಡ್ಡ ಮನಸ್ಸು ಮಾಡಿ ತಿರುಗಬೇಕು. ಲೋಕ ಹೀಗೆ ನಡೆದುಕೊಂಡು ಬಂದಿದೆ.

ನನ್ನ ಹೆಂಡತಿಗೆ ಇದು ಗೊತ್ತಿಲ್ಲ. ಅವಳು ಔಷಧದಂಗಡಿಯವರ ಮಗಳು. ತಾನೂ ಆಸ್ಪತ್ರೆಯಲ್ಲಿ ಔಷಧ ಕೊಡುವ ಕಿಟಕಿಯ ಹಿಂದೆ ಕೂರುತ್ತಾಳೆ. ಆ ಮನೆತನದಲ್ಲಿ ಡಬ್ಬದ ಮೇಲೆ ಅಚ್ಚಾದದ್ದೇ ಬೆಲೆ, ಬಾಯಿಂದ ಬಂದದ್ದೇ ಮಾತು. (‘ಜ್ವರ ಸ್ವಲ್ಪ ಕಮ್ಮಿ ಇದೆ, ಮಾತ್ರೆಯ ಬೆಲೆಯಲ್ಲೂ ಸ್ವಲ್ಪ ಬಿಡಿ’ ಎಂದು ಅಲ್ಲಿ ಯಾರೂ ಚೌಕಾಸಿ ಮಾಡುವುದಿಲ್ಲವಲ್ಲ!)

ನಮ್ಮ ಬೀದಿಯ ಹಲ್ಲಿನ ಡಾಕ್ಟರು ಬೆಟ್ಟ ಹತ್ತುವ ಗುಂಪೊಂದನ್ನು ಕಟ್ಟಿದಾಗ ಇವಳು ಬಂದು, ‘ರೀ, ವಾರದ ಕೊನೇಲಿ ಬೆಟ್ಟದ ಮೇಲೆ ಮಲಗಿ ಬರೋದಂತೆ. ನೀವೂ ಬನ್ನಿ’ ಎಂದಳು.

ನಾನು ಪೇಪರು ಮಡಚಿದೆ. ಕನ್ನಡಕ ತೆಗೆದೆ. ‘ಕಲ್ಲಿನ ಮೇಲೆ ಮಲಗೋಕೆ ನನಗೇನು ಹುಚ್ಚಾ? ಬೇಡಪ್ಪ’ ಎಂದೆ. ಇದು ಮೊದಲ ಮಾತು. ಇನ್ನು ಅವಳು ‘ಬನ್ನೀಂದ್ರೆ’ ಎನ್ನಬೇಕು, ನಾನು ಮಂಡಿನೋವಿನ ಪ್ರಸ್ತಾಪ ಎತ್ತಬೇಕು, ಅವಳು ‘ನೀವಿಲ್ಲದೆ ನಾನು ಹೋಗಲ್ಲ’ ಎನ್ನಬೇಕು, ಕೊನೆಗೆ ನಾನು ಅವಳಿಗಾಗಿ ಮಹಾತ್ಯಾಗ ಮಾಡಿದವನಂತೆ ಒಪ್ಪಬೇಕು.

‘ಸರಿ’ ಎಂದು ಅವಳು ಒಳಗೆ ಹೋದಳು.

ಅಂದಿನಿಂದ ಶನಿವಾರ ಬಂತೆಂದರೆ ಅವಳು ಬೆಟ್ಟಕ್ಕೆ, ನಾನು ಸೋಫಾಕ್ಕೆ. ಮನೆಯಲ್ಲಿ ಇರುವುದು ನಾವಿಬ್ಬರೇ. ಅದರಲ್ಲಿ ಒಬ್ಬಳನ್ನು ಕಳೆದರೆ ಉಳಿಯುವುದು ಒಬ್ಬ ಎಂದು ಲೆಕ್ಕ ಹೇಳುತ್ತದೆ. ಲೆಕ್ಕ ತಪ್ಪು, ಒಬ್ಬ ಪೂರ್ತಿ ಉಳಿಯುವುದಿಲ್ಲ. ಎದುರುತ್ತರ ಕೊಡುವವರಿಲ್ಲದ ಮನೆ ಪ್ರತಿ ಗಂಡಸಿನ ಕನಸು ಅನ್ನುತ್ತಾರೆ. ಅಂಥ ಕನಸು ಕಂಡವರು ಒಂದು ಭಾನುವಾರ ನಮ್ಮ ಮನೆಗೆ ಬಂದು ಕೂರಲಿ. ಟಿ.ವಿ.ಯನ್ನು ನನ್ನಿಷ್ಟದ ಚಾನೆಲ್ಲಿಗೆ ಹಾಕಿದೆ. ಯಾರೂ ಬದಲಾಯಿಸೆಂದು ಕಿತ್ತಾಡದ್ದರಿಂದ ಕಾರ್ಯಕ್ರಮದಲ್ಲಿ ಸ್ವಾರಸ್ಯವೇ ಇರಲಿಲ್ಲ. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದೆ. ಬೈಯುವವರಿಲ್ಲದೆ ಅದು ಅಲ್ಲೇ ಸಪ್ಪೆಯಾಗಿ ಬಿದ್ದಿತ್ತು. ಕೊನೆಗೆ ನಾನೇ ಎದ್ದು ಒಣಹಾಕಿದೆ. ಕಾಫಿಯನ್ನು ಇಬ್ಬರಿಗಾಗುವಷ್ಟು ಮಾಡಿ, ಒಂದು ಲೋಟ ಕುಡಿದು, ಇನ್ನೊಂದನ್ನು ಆರಿಸಿ ಕುಡಿಯುವುದು ಅಭ್ಯಾಸವಾಯಿತು.

ಹಾಗಾದರೆ ‘ನಾನೂ ಬರ್ತೀನಿ’ ಎಂದು ಹೇಳಬಾರದಿತ್ತೇ ಎಂದು ನೀವು ಕೇಳಬಹುದು. ನೀವು ವ್ಯಾಪಾರಸ್ಥರಲ್ಲ, ಕೇಳುತ್ತೀರಿ. ಮೆಟ್ಟಿಲಿಳಿದು ಹೋದ ಗಿರಾಕಿ ಯಾರೂ ಕರೆಯದೆ ತಾನಾಗಿ ಹಿಂದಿರುಗುವುದಿದೆಯಲ್ಲ, ಅದಕ್ಕಿಂತ ದೊಡ್ಡ ಮಾನಭಂಗ ಮಾರುಕಟ್ಟೆಯಲ್ಲೇ ಇಲ್ಲ.

ಹೀಗಿರುವಾಗ ಒಂದು ಭಾನುವಾರ ಸಂಜೆ ಅವಳು ಬೆಟ್ಟದಿಂದ ತೊಯ್ದು ತೊಪ್ಪೆಯಾಗಿ ಬಂದಳು.

‘ಮಳೆ ರೀ! ನನ್ನ ಹಾಸಿಗೇನೂ ನೆನೀತು, ಪಾಪ ಟೈಲರ್‌ದೂ ನೆನೀತು. ಟೆಂಟು ಹೊತ್ಕೊಂಡು ಹತ್ತೋದು ನಮ್ಮ ಕೈಲಾಗಲ್ಲ. ಡಾಕ್ಟರು ಹೇಳಿದ್ರು, ಬಿವಿ ಬ್ಯಾಗ್ ತಗೊಳ್ಳಿ ಅಂತ.’

ಟೈಲರ್ ಎಂದರೆ ಎದುರುಮನೆಯವಳು, ರವಿಕೆ ಹೊಲಿಯುತ್ತಾಳೆ, ಇವಳ ಬೆಟ್ಟದ ಜೊತೆಗಾತಿ. ಬಿವಿ ಬ್ಯಾಗ್ ಎಂದರೇನೆಂದು ಕೇಳಿದೆ. ದಿಂಬಿಗೆ ಗವಸು ಹಾಕುವುದಿಲ್ಲವೇ, ಹಾಗೆ ಮನುಷ್ಯನಿಗೆ ಹಾಕುವ ಗವಸಂತೆ. ಹೊದಿಕೆಯ ಸಮೇತ ಒಳಗೆ ತೂರಿಕೊಂಡು ಜಿಪ್ ಎಳೆದುಕೊಂಡರೆ ಮಳೆ ತನ್ನ ಪಾಡಿಗೆ ತಾನು, ನೀವು ನಿಮ್ಮ ಪಾಡಿಗೆ ನೀವು.

‘ನೀರು ಬಿಡದ ಬಟ್ಟೆ ವಿಷಯ ನಿಮಗಿಂತ ಯಾರಿಗೆ ಗೊತ್ತು? ನೀವೇ ಆರಿಸಿಕೊಡಿ’ ಎಂದಳು.

ನನ್ನ ಎದೆ ಒಂದಂಗುಲ ಉಬ್ಬಿತು. ಕರೆಯದಿದ್ದರೂ ಅಂಗಡಿಯ ಬಾಗಿಲಂತೂ ತೆರೆದಂತಾಯಿತಲ್ಲ! ಕೂಡಲೇ ನನ್ನದೇ ಅಂಗಡಿಯ ಉತ್ತಮ ಟಾರ್ಪಾಲಿನಲ್ಲಿ ಒಂದು ಚೀಲ ಹೊಲಿಸಿ ತಂದೆ. ಹಜಾರದಲ್ಲಿ ಅವಳೇ ಒಳಗೆ ತೂರಿ ಪರೀಕ್ಷೆ ನಡೆಸಿದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಒದ್ದಾಟ ಕೇಳಿಸಿತು. ಬೆವರಿನಲ್ಲಿ ಮಿಂದು ಹೊರಬಂದವಳು ಹೇಳಿದಳು: ‘ನಿಮ್ಮ ಟಾರ್ಪಾಲು ಮಳೇನ ಒಳಗೆ ಬಿಡಲ್ಲ, ನಿಜ. ನನ್ನನ್ನೂ ಹೊರಗೆ ಬಿಡಲ್ಲ. ಇದನ್ನ ಹೊತ್ಕೊಂಡು ಹತ್ತೋ ಬದಲು ಬೆಟ್ಟಾನೇ ಹೊತ್ಕೊಂಡು ಮನೇಗೆ ಬರಬಹುದು.’

ಹಾಗಾಗಿ ಇಬ್ಬರೂ ಪೇಟೆಯ ಚಾರಣದ ಸಾಮಾನಿನ ಅಂಗಡಿಗೆ ಹೋದೆವು. ಅಂಗಡಿಯವನು ನನ್ನ ವಯಸ್ಸಿನವನೇ, ಎದೆಯವರೆಗೆ ಗಡ್ಡ. ಮುಷ್ಟಿಯಲ್ಲಿ ಹಿಡಿಸುವಂಥ ಒಂದು ಪೊಟ್ಟಣವನ್ನು ಮುಂದಿಟ್ಟ.

‘ಚೀಲ ಎಲ್ಲಿ?’ ಎಂದೆ.

‘ಇದೇ ಸರ್. ಬಿಡಿಸಿದ್ರೆ ಆಳುದ್ದ ಆಗುತ್ತೆ. ಮೂರು ಪದರದ ಬಟ್ಟೆ. ನೀರು ಬಿಡಲ್ಲ, ಆದ್ರೆ ಉಸಿರಾಡುತ್ತೆ.’

‘ಚೀಲ ಉಸಿರಾಡಿದ್ರೆ ಒಳಗಿರೋನು ಏನು ಮಾಡ್ತಾನೆ?’

‘ಅವರೂ ಉಸಿರಾಡ್ತಾರೆ ಸರ್. ಬಟ್ಟೆ ಉಸಿರಾಡ್ದೆ ಇದ್ರೆ ಒಳಗಿನ ಉಸಿರೆಲ್ಲ ಅಲ್ಲೇ ನೀರಾಗಿ, ಮಳೆ ಇಲ್ದೇನೂ ನೆನೀತಾರೆ.’

ಹೆಂಡತಿ ನನ್ನತ್ತ ನೋಡಿದಳು. ನಾನು ಚಾವಣಿಯತ್ತ ನೋಡಿದೆ.

ಆದರೂ ವ್ಯಾಪಾರಿಯ ಕೈ ಸುಮ್ಮನಿರುತ್ತದೆಯೇ? ಹೊಲಿಗೆಗಳ ಮೇಲೆ ಹೆಬ್ಬೆರಳು ಓಡಿಸಿದೆ. ಸೂಜಿತೂತಿನಿಂದ ನೀರು ಇಳಿಯದಂತೆ ಒಳಬದಿಯಲ್ಲಿ ಪಟ್ಟಿ ಅಂಟಿಸಿದ್ದರು, ಶಹಬ್ಬಾಸ್. ಬಟ್ಟೆಯನ್ನು ಬೊಗಸೆ ಮಾಡಿ ನೀರು ಹೊಯ್ಯಿಸಿದೆ. ಹನಿಗಳು ಮಣಿಗಳ ಹಾಗೆ ಉರುಳಾಡಿದವೇ ಹೊರತು ಇಳಿಯಲಿಲ್ಲ. ಅವನಲ್ಲಿ ಎರಡು ಬಗೆಯಿತ್ತು. ಬಾಯಿಗೆ ಬರಿಯ ಹಗ್ಗ ಬಿಗಿಯುವ ಚೀಲ ಹಗುರ, ಆದರೆ ಮುಖಕ್ಕೆ ಮಳೆ. ಜಿಪ್ ಇದ್ದದ್ದು ತುಸು ಭಾರ, ಆದರೆ ಮುಖಕ್ಕೂ ಮುಚ್ಚಿಗೆ, ಜೊತೆಗೆ ಸೊಳ್ಳೆಬಲೆ. ತಕ್ಕಡಿ ತರಿಸಿ ಎರಡನ್ನೂ ತೂಗಿಸಿದೆ. ವ್ಯತ್ಯಾಸ ಒಂದು ಬಾಚಣಿಗೆಯಷ್ಟು.

‘ಬಾಚಣಿಗೆ ಮನೇಲಿ ಬಿಟ್ಟು ಹೋಗು. ಜಿಪ್ಪಿನದೇ ತಗೋ’ ಎಂದೆ.

‘ಒಳಗೆ ಉದ್ದ, ಅಗಲ ಸಾಕಾಗುತ್ತಾ?’ ಎಂದಳು ಅವಳು.

‘ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಇದನ್ನ ನೋಡೇ ಹೇಳಿರ್ಬೇಕು. ತಡಿ, ನಾನೇ ನೋಡ್ತೀನಿ’ ಎಂದು ಅಂಗಡಿಯ ನೆಲದ ಮೇಲೆಯೇ ಚೀಲ ಹಾಸಿ, ಒಳಗೆ ಪ್ರವೇಶಿಸಿ, ಜಿಪ್ ಎಳೆದುಕೊಂಡೆ. ಉದ್ದಕ್ಕೆ ಸರಿಯಿತ್ತು. ಅಗಲದಲ್ಲಿ ಹೊಟ್ಟೆಯದೊಂದು ತಕರಾರಿತ್ತು. ಹೊರಬರೋಣವೆಂದು ಜಿಪ್ ಎಳೆದರೆ ಅದು ಅಂಗಿಯ ತುದಿಯನ್ನು ಕಚ್ಚಿ ಹಿಡಿಯಿತು. ಹಲ್ಲಿನ ಡಾಕ್ಟರೇ ಬಂದರೂ ಬಿಡದ ಕಚ್ಚು!

‘ಅಲ್ಲಾಡಬೇಡಿ ಸರ್, ಎಣ್ಣೆ ತರ್ತೀನಿ’ ಎಂದ ಗಡ್ಡದವನು. ಯಾವನೋ ಗಿರಾಕಿ, ‘ಇದು ಮಾರಾಟಕ್ಕಾ?’ ಎಂದು ನನ್ನನ್ನು ತೋರಿಸಿ ಕೇಳಿದ್ದೂ ಕೇಳಿಸಿತು. ನಾನು ನಿದ್ದೆ ಬಂದವನಂತೆ ಕಣ್ಣು ಮುಚ್ಚಿಕೊಂಡೆ. ಮರ್ಯಾದೆ ಉಳಿಸಿಕೊಳ್ಳಲು ಅಲ್ಲಿದ್ದದ್ದು ಅದೊಂದೇ ದಾರಿ.

ಎಣ್ಣೆ ಹಚ್ಚುತ್ತ ಗಡ್ಡದವನು ಇವಳನ್ನು ಕೇಳಿದ: ‘ಸರ್ ಕೂಡ ಬೆಟ್ಟಕ್ಕೆ ಬರ್ತಾರಾ ಮೇಡಂ?’

‘ಇಲ್ಲ. ಕರೆದೆ. ಬೇಡ ಅಂದ್ರು.’

‘ಇನ್ನೊಂದು ಸಲ ಕರೀಬೇಕಿತ್ತು.’

‘ಬೇಡ ಅಂದವರನ್ನ ಮತ್ತೆ ಮತ್ತೆ ಕರೆದ್ರೆ ಅವರ ಮಾತು ನಾನು ನಂಬಲಿಲ್ಲ ಅಂದ ಹಾಗಲ್ವಾ? ಬಂದಿದ್ರೆ ಚೆನ್ನಾಗಿತ್ತು. ಅಲ್ಲಿ ಬೆಳಿಗ್ಗೆ ಎದ್ದಾಗ ಏನೋ ತೋರಿಸೋಣ ಅಂತ ಪಕ್ಕಕ್ಕೆ ತಿರುಗಿದ್ರೆ, ಟೈಲರ್ ಇರ್ತಾಳೆ. ಏನೇ ಆಗ್ಲಿ, ಅವರ ಮಾತಿಗೆ ನಾನು ಬೆಲೆ ಕೊಡ್ತೀನಿ.’

ಇಷ್ಟು ವರ್ಷದ ವ್ಯಾಪಾರದಲ್ಲಿ ನನ್ನ ಸರಕಿಗೆ ಯಾರೂ ಕೇಳಿದಷ್ಟು ಬೆಲೆ ಕೊಟ್ಟದ್ದಿಲ್ಲ. ಕೊಟ್ಟವಳು ಇವಳೊಬ್ಬಳು. ಅದೂ ನನ್ನ ಬಳಿ ಇದ್ದದ್ದರಲ್ಲೇ ಅತ್ಯಂತ ಕಳಪೆ ಮಾಲಿಗೆ. ಉಸಿರಾಡುವ ಬಟ್ಟೆ ಎಂದಿದ್ದನಲ್ಲ ಆ ಗಡ್ಡದವನು, ನನಗೇಕೋ ಒಳಗೆ ಗಾಳಿ ಸಾಲಲಿಲ್ಲ.

ಜಿಪ್ ಬಿಟ್ಟಿತು. ಎದ್ದು ಕುಳಿತೆ. ಈಗಲೇ ಹೇಳಿಬಿಡೋಣ ಎಂದು ಬಾಯಿ ತೆರೆದೆ. ‘ನಾನೂ...’

‘ಎರಡು ತಗೊಂಡ್ರೆ ರಿಯಾಯಿತಿ ಇದೆ ಸರ್’ ಎಂದ ಗಡ್ಡದವನು.

ಭಲೇ! ಬಾಯಿ ಬಿಟ್ಟು ಕೇಳದೆ, ಮಾನವನ್ನೂ ಬಿಡದೆ, ವಿಷಯ ತಿಳಿಸುವ ರಾಜಮಾರ್ಗ. ‘ಎರಡು ಕೊಡಿ. ಒಂದು ಇದೇ ಅಳತೆ, ಇನ್ನೊಂದು ಇದಕ್ಕಿಂತ ಉದ್ದ, ಅಗಲ ಜಾಸ್ತಿ ಇರೋದು’ ಎಂದೆ. ಹೇಳಿ ಹೆಂಡತಿಯ ಮುಖ ನೋಡಿದೆ. ಎರಡು ಚೀಲ, ಅದರಲ್ಲೊಂದಕ್ಕೆ ಹೊಟ್ಟೆ. ಇನ್ನೂ ಬಿಡಿಸಿ ಹೇಳಬೇಕೇ?

ಅವಳ ಕಣ್ಣಲ್ಲಿ ನೀರಾಡಿತು. ‘ನಿಮ್ಮದೆಂಥಾ ಮನಸ್ಸು ರೀ! ಟೈಲರ್‌ದೂ ನೆನೀತು ಅಂತ ಒಂದೇ ಒಂದು ಸಲ ಹೇಳಿದ್ದೆ. ನೆನಪಿಟ್ಕೊಂಡಿದೀರಲ್ಲ!’

ಮಾತಿನಲ್ಲಿ ಮಾರುಕಟ್ಟೆ ಗೆದ್ದ ಮಹಾನುಭಾವನಾದ ನಾನು ಆಗ ಹೇಳಿದ್ದು ಇಷ್ಟೇ: ‘ಹೂಂ.’

ಮರುದಿನ ಎದುರುಮನೆಯವಳು ಚೀಲ ಬಿಡಿಸಿ ನೋಡಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. ‘ಭಾವ, ಇದರಲ್ಲಿ ನಾನು ಮಲಗಿ, ಪಕ್ಕದಲ್ಲಿ ನನ್ನ ಹೊಲಿಗೆ ಮೆಷಿನ್ನೂ ಮಲಗಿಸಬಹುದು!’

‘ಬೆಳೆಯೋ ವಯಸ್ಸಮ್ಮ ನಿಂದು’ ಎಂದೆ. (ಅವಳಿಗೆ ಮೊಮ್ಮಕ್ಕಳಿದ್ದಾರೆ.)

ಆ ವಾರವೆಲ್ಲ ನಾನು ಅಂಗಡಿಯಲ್ಲಿ ಟಾರ್ಪಾಲಿನ ಸುರುಳಿಗಳ ಮುಂದೆ ನಿಂತು ತಾಲೀಮು ಮಾಡಿದೆ. ‘ನಾನೂ ಬರ್ತೀನಿ.’ ಎರಡೇ ಪದ. ಮೆಲ್ಲಗೆ ಹೇಳಿದೆ, ಗತ್ತಿನಿಂದ ಹೇಳಿದೆ, ಆಕಳಿಸುತ್ತ ಈಗಷ್ಟೇ ಹೊಳೆದಂತೆ ಹೇಳಿದೆ. ಸುರುಳಿಗಳು ಒಂದೂ ಆಕ್ಷೇಪ ಎತ್ತಲಿಲ್ಲ. ಹೊಸ ಚೀಲವಿಲ್ಲದಿದ್ದರೇನು, ಮೊದಲು ಹೊಲಿಸಿದ್ದ ಟಾರ್ಪಾಲಿನ ಚೀಲವಿತ್ತು. ಬೆವರಿನಲ್ಲಿ ನೆನೆದರೆ ನೆನೆಯಲಿ. ಹೊಸ ಬೂಟನ್ನೂ ಕೊಂಡೆ.

ಶನಿವಾರ ಬೆಳಿಗ್ಗೆ ಡಾಕ್ಟರ ವ್ಯಾನು ಗೇಟಿನ ಮುಂದೆ ಬಂದು ನಿಂತಿತು. ಸಾಮಾನು ಎತ್ತಿಕೊಡಲು ನಾನೂ ಇಳಿದೆ.

‘ಬೂಟು ಯಾಕೆ ಹಾಕ್ಕೊಂಡಿದೀರಾ?’ ಎಂದಳು ಹೆಂಡತಿ.

‘ಸುಮ್ನೆ. ಗೇಟಿನ ತನಕ.’

ಟೈಲರ್‌ಗೆ ವ್ಯಾನಿನಲ್ಲಿ ತಲೆ ಸುತ್ತುತ್ತದೆಂದು ಅವಳು ಡಾಕ್ಟರ ಪಕ್ಕ ಮುಂದೆ ಕುಳಿತಳು. ಹಿಂದೆ ಕಿಟಕಿಯ ಹತ್ತಿರ ನನ್ನವಳು. ಅವಳ ಪಕ್ಕದ ಸೀಟು ಖಾಲಿ. ನಾನು ಉಸಿರೆಳೆದುಕೊಂಡೆ. ಎರಡು ಪದ ನಾಲಿಗೆಯ ತುದಿಗೆ ಬಂದು, ಇನ್ನೇನು ಜಿಗಿಯಬೇಕು, ಅಷ್ಟರಲ್ಲಿ ಡಾಕ್ಟರು ಕಿಟಕಿಯಿಂದ ತಲೆ ಹೊರಹಾಕಿ ನಕ್ಕರು.

‘ಯಜಮಾನ್ರೇ, ಒಂದು ಸೀಟು ಖಾಲಿ ಇದೆ. ನೀವೂ ಹತ್ತಿ!’

ಕರೆದರು! ಬೀದಿಯಲ್ಲಿ, ಎಲ್ಲರ ಮುಂದೆ, ಬಾಯಿ ತುಂಬ ಕರೆದರು. ಹೆಂಡತಿಯೂ ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದಳು. ಆ ಕ್ಷಣದಲ್ಲಿ ನಾನು ಮಾತಾಡಲಿಲ್ಲ ಸ್ವಾಮಿ, ನನ್ನ ಕಸುಬು ಮಾತಾಡಿತು.

‘ಅಯ್ಯೋ, ಬೇಡ ಬೇಡ!’

ಬಾಯಿಯ ಹಿಂದೆಯೇ ಕಾಲೂ ಹೊರಟಿತು. ಬೆನ್ನು ತಿರುಗಿಸಿ, ಗೇಟಿನಿಂದ ಬಾಗಿಲಿನ ಕಡೆಗೆ ನಡೆದೆ. ನಿಧಾನವಾಗಿ ನಡೆದೆ. ಬಾಗಿ ಒಂದು ಒಣಎಲೆ ಹೆಕ್ಕಿದೆ. ಹೆಕ್ಕಿದ್ದನ್ನು ಅಲ್ಲೇ ಬಿಟ್ಟು ಇನ್ನೊಂದು ಹೆಕ್ಕಿದೆ. ಹಿಂದೆ ವ್ಯಾನಿನ ಬಾಗಿಲು ಜಾರಿ ಮುಚ್ಚಿದ ಸದ್ದು. ಗೇರು ಬಿದ್ದ ಸದ್ದು. ಬೀದಿಯ ತಿರುವಿನಲ್ಲಿ ಒಂದು ಹಾರನ್ನು. ಆಮೇಲೆ ನಮ್ಮ ಬೀದಿ ಎಷ್ಟು ನಿಶ್ಶಬ್ದವಾಯಿತೆಂದರೆ, ನನ್ನ ಹೊಸ ಬೂಟು ಕಿರುಗುಟ್ಟುವುದು ನನಗೇ ಕೇಳಿಸಿತು.

ಒಳಗೆ ಹೋಗಿ ಸೋಫಾದಲ್ಲಿ ಕೂತಿದ್ದೆನೋ ಇಲ್ಲವೋ, ಫೋನು ಬಡಿದುಕೊಂಡಿತು. ಅವಳೇ! ಹಾರಿ ಹಿಡಿದೆ.

‘ರೀ, ಗ್ಯಾಸ್ ಆಫ್ ಮಾಡಿದೀನಾ ನೋಡಿ.’

ನೋಡಿ ಬಂದೆ. ‘ಮಾಡಿದೀಯ.’

‘ಊಟ ಮುಚ್ಚಿಟ್ಟಿದೀನಿ.’

‘ಹೂಂ.’

ವ್ಯಾನಿನೊಳಗೆ ಟೈಲರ್ ಏನಕ್ಕೋ ನಗುತ್ತಿದ್ದಳು. ನಾನು ಗಂಟಲು ಸರಿಮಾಡಿಕೊಂಡೆ. ‘ಅಲ್ಲ, ನಿನ್ನ ಪಕ್ಕದಲ್ಲಿ ಯಾರು ಕೂತಿದಾರೆ?’

‘ನನ್ನ ಪಕ್ಕನಾ? ಸ್ಟೌವ್. ಬೆಟ್ಟದ ಮೇಲೆ ಕಾಫಿ ಕಾಸೋಕೆ ತಂದಿದ್ದು, ಕಾಲ ಹತ್ರ ಇತ್ತು. ಸೀಟು ನಿಮಗೆ ಅಂತ ಬಿಟ್ಟಿದ್ದೆ, ನೀವು ಬರಲ್ಲ ಅಂದ್ರಲ್ಲ, ಎತ್ತಿ ಮೇಲಿಟ್ಟೆ. ತುಂಬ ಅಲ್ಲಾಡ್ತಿತ್ತು, ಬೆಲ್ಟ್ ಹಾಕಿ ಕೂರಿಸಿದೀನಿ.’

‘ಒಳ್ಳೇದಾಯ್ತು’ ಎಂದೆ. ‘ಜೋಪಾನವಾಗಿ ಕರ್ಕೊಂಡು ಹೋಗು.’

‘ಯಾರನ್ನ?’

‘ಸ್ಟೌವನ್ನ’ ಎಂದೆ.