ಮೂಲಂಗಿ ದುಂಬಿಯ ಮೀಸೆ

ಬಂಗಾರಪೇಟೆಯ ಬೇಸಾಯದ ಆಫೀಸಿನಲ್ಲಿ ಫೀಲ್ಡ್‌ಮನ್ ಆಗಿದ್ದ ಕೋದಂಡಪ್ಪನಿಗೆ ಎಣಿಸುವುದೆಂದರೆ ಬೇಸರ. ಯಾರು ಏನು ಕೇಳಿದರೂ ಹತ್ತು ಅನ್ನುತ್ತಿದ್ದ. ಬೂದಿಕೋಟೆಗೆ ಎಷ್ಟು ಮೈಲಿ? ಹತ್ತು. ಹೊಲದಲ್ಲಿ ಎಷ್ಟು ಆಳು? ಹತ್ತು. ಮದುವೆಯಾಗಿ ಎಷ್ಟು ವರ್ಷವಾಯಿತೆಂದು ನೆಂಟರೊಬ್ಬರು ಕೇಳಿದಾಗಲೂ ಹತ್ತು ಅಂದುಬಿಟ್ಟು, ಹದಿನಾಲ್ಕು ವರ್ಷದಿಂದ ಅವನ ಜೊತೆ ಏಗುತ್ತಿದ್ದ ಮುನಿನಾರಾಯಣಮ್ಮನ ಕೈಯಲ್ಲಿ ಎರಡು ದಿನ ತಂಗಳು ಮುದ್ದೆ ಉಂಡಿದ್ದ.

ಐವತ್ತೆಂಟನೆಯ ಇಸವಿಯಲ್ಲಿ ಬೂದಿಕೋಟೆ ಕಡೆಯ ಮೂಲಂಗಿ ಎಲೆಗಳಿಗೆಲ್ಲ ಸೂಜಿಯಲ್ಲಿ ಚುಚ್ಚಿದ ಹಾಗೆ ತೂತು ಬಿದ್ದವು. ಎಲೆ ಅಲ್ಲಾಡಿಸಿದರೆ ಎಳ್ಳುಕಾಳಿನಷ್ಟು ದುಂಬಿಗಳು ಚಿಗಟದ ಹಾಗೆ ಪಟ್ಟನೆ ನೆಗೆದು ಮಾಯವಾಗುತ್ತಿದ್ದವು. ಇಲಾಖೆಯವರು ಅವಕ್ಕೆ ಚಿಗಟದುಂಬಿ ಎಂದು ಹೆಸರಿಟ್ಟು, ಬೆಂಗಳೂರಿನಿಂದ ಒಂದು ಫಾರಂ ಕಳಿಸಿದರು. ಬಣ್ಣ ಯಾವುದು? ಕೋದಂಡಪ್ಪ ನೋಡಿ, ‘ಹಿತ್ತಾಳೆ’ ಎಂದು ಬರೆದ. ಹಿಂದಿನ ತೊಡೆ ಹೇಗಿದೆ? ನೋಡಿದ. ಗರಡಿ ಪೈಲ್ವಾನನ ತೊಡೆಯ ಹಾಗಿತ್ತು. ‘ದಪ್ಪ’ ಎಂದು ಬರೆದ. ಮೀಸೆಯಲ್ಲಿ ಎಷ್ಟು ಗೆಣ್ಣು? ಬರಿಗಣ್ಣಿಗೆ ಮೀಸೆಯೇ ಕಾಣಲಿಲ್ಲ. ‘ಹತ್ತು’ ಎಂದು ಬರೆದು ರುಜು ಜಡಿದು ಅಂಚೆಗೆ ಹಾಕಿ ಮರೆತ.

ಮರೆಯದವರು ಬೆಂಗಳೂರಿನಲ್ಲಿದ್ದರು. ಒಂದು ಬುಧವಾರ ಬೆಳಿಗ್ಗೆ ಬಂದ ಕಾಗದವನ್ನು ಗುಮಾಸ್ತ ಶ್ರೀರಾಮಪ್ಪ ಗಟ್ಟಿಯಾಗಿ ಓದಿದ: “ಈ ಸೀಮೆಯ ಮೂಲಂಗಿಯ ಮೇಲೆ ನಾವು ಇದುವರೆಗೆ ಕಂಡ ಚಿಗಟದುಂಬಿಗಳ ಮೀಸೆಗೆ ಹನ್ನೊಂದು ಗೆಣ್ಣು. ಹತ್ತು ಗೆಣ್ಣಿನದು ಬೇರೆಯೇ ಕುಲಕ್ಕೆ ಸೇರುತ್ತದೆ. ಇದೇ ಬುಧವಾರ ಸಂಜೆ ನಾಲ್ಕರ ರೈಲಿಗೆ ನಮ್ಮ ಕೀಟತಜ್ಞರು ಸೂಕ್ಷ್ಮದರ್ಶಕದೊಂದಿಗೆ ಬರುತ್ತಾರೆ. ನೋಡದೆ ಬರೆದದ್ದೆಂದು ಕಂಡುಬಂದರೆ ಫೀಲ್ಡ್‌ಮನ್ನರನ್ನು ಕೆಲಸದಿಂದ ತೆಗೆಯಲಾಗುವುದು.”

ಶ್ರೀರಾಮಪ್ಪ ಕನ್ನಡಕದ ಮೇಲಿನಿಂದ ನೋಡಿದ. “ನೋಡ್ದೆ ಬರೆದ್ಯೇನ್ಲಾ?”

“ನೋಡ್ದೆ ಕಣಣ್ಣ, ಕಾಣ್ಲಿಲ್ಲ. ಈಗ ತಿದ್ದಿ ಇನ್ನೊಂದು ಕಾಗ್ದ ಹಾಕ್ಬಿಡ್ಲಾ?”

“ಸರ್ಕಾರಕ್ಕೆ ಹೋದ ಕಾಗದ ತಿದ್ದೋಕೆ ಬ್ರಹ್ಮನ ಕೈಲೂ ಆಗಲ್ಲ. ಇನ್ನು ಹುಳಾನೇ ತಿದ್ಬೇಕು.”

“ಹುಳಾನಾ!”

“ಹನ್ನೊಂದರಲ್ಲಿ ಒಂದು ಕಿತ್ರೆ ಎಷ್ಟ್ಲಾ?”

ಜೀವಮಾನದಲ್ಲಿ ಮೊದಲ ಸಲ ಕೋದಂಡಪ್ಪ ಲೆಕ್ಕ ಹಾಕಿ “ಹತ್ತು” ಅಂದ.

ಮೊನ್ನೆ ಹಿಡಿದು ತಂದ ಇಪ್ಪತ್ತು ದುಂಬಿಗಳಿದ್ದ ಸೀಸೆಯನ್ನು ಜೇಬಿಗಿಳಿಸಿ, ಓಡೋಡಿ ರೈಲು ಹತ್ತಿ, ಕೋರಮಂಡಲ್ ಸ್ಟೇಷನ್ನಿನಲ್ಲಿ ಇಳಿದ. ಅಲ್ಲಿ ಅವನ ಹಳೆಯ ಸಹಪಾಠಿ ಕುಪ್ಪುಸ್ವಾಮಿಯ ಗಡಿಯಾರ ರಿಪೇರಿ ಅಂಗಡಿ. ಕುಪ್ಪುಸ್ವಾಮಿ ಕಣ್ಣಿಗೆ ಭೂತಗನ್ನಡಿ ಕಚ್ಚಿಕೊಂಡೇ ಕತೆ ಕೇಳಿದ.

“ಎನ್ನಪ್ಪಾ ಕೋದಂಡಾ, ವಾಚಿಗೆ ಮುಳ್ಳು ಹಾಕೋನು ನಾನು. ಹುಳಕ್ಕೆ ಕ್ಷೌರ ಮಾಡು ಅಂತೀಯಲ್ಲ!”

“ಅನ್ನದ ಮಾತು ಕಣಪ್ಪಾ. ಎರಡು ಮೀಸೇಲೂ ತುದೀದು ಒಂದೊಂದು ಗೆಣ್ಣು ಕಿತ್ತಾಕು, ಸಾಕು.”

“ಸರಿ. ಇರು, ಎಷ್ಟಿದೆ ಅಂತ ಒಂದ್ಸಲ ಎಣಿಸಿಬಿಡ್ತೀನಿ.”

“ಎಣಿಸೋಕೆ ಒತ್ತೆಲ್ಲೈತೆ? ಎರಡೂವರೆ ಗಾಡಿಗೆ ಓಗ್ಬೇಕು. ಕೀಳು ಕೀಳು!”

ಕುಪ್ಪುಸ್ವಾಮಿ ಸ್ಪಿರಿಟ್ಟಿನ ಹತ್ತಿ ತೋರಿಸಿ ದುಂಬಿಗಳಿಗೆ ಮಂಪರು ಬರಿಸಿದ. ಬಿಳಿ ಬಟ್ಟೆಯ ಮೇಲೆ ಸಾಲಾಗಿ ಮಲಗಿಸಿ, ಕೂದಲಿನಷ್ಟು ಸಣ್ಣ ಮೂತಿಯ ಚಿಮುಟ ಹಿಡಿದು, ಉಸಿರು ಕಟ್ಟಿ ಕೆಲಸಕ್ಕಿಳಿದ.

ಬಿಳಿ ಬಟ್ಟೆ, ಅದರ ಮೇಲೆ ಹೊಳೆಯುವ ಹಳದಿ ಕಾಳು, ಎದುರಿಗೆ ಬೆವರುತ್ತಿರುವ ಹೊಸ ಮುಖ. ಬೇರೆ ಊರಿನಲ್ಲಾಗಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಆದರೆ ಇದು ಚಿನ್ನದ ಗಣಿಯ ಊರು. ಪಕ್ಕದ ಟೀ ಅಂಗಡಿಯ ಬೆಂಚಿನಲ್ಲಿ ಕೂತಿದ್ದ, ಸುರಂಗದ ಕೆಲಸ ಬಿಟ್ಟಿದ್ದ ದೊಡ್ಡವೆಂಕಟಪ್ಪ ಒಬ್ಬನ ಕಿವಿಯಲ್ಲಿ ‘ಕದ್ದ ಚಿನ್ನ’ ಎಂದು ಗುಟ್ಟಾಗಿ ಹೇಳಿದ. ಗುಟ್ಟು ಟೀ ತಣ್ಣಗಾಗುವುದರೊಳಗೆ ಮೂವತ್ತು ಜನರನ್ನು ಅಂಗಡಿಯ ಮುಂದೆ ಕರೆತಂದಿತು.

“ಯಾವ ಶಾಫ್ಟಿಂದ ಬಂದಿದ್ದು ಸಾಮೀ?” ದೊಡ್ಡವೆಂಕಟಪ್ಪ ಬಗ್ಗಿ ಕೇಳಿದ. “ಮೂಗು ಹಿಡ್ಕೊಂಡು ಕೆಲ್ಸ ಮಾಡಿ, ಉಸಿರಿಗೆ ಹಾರೋಗ್ತದೆ.”

“ಮೂಲಂಗಿ ತೋಟದ್ದು ಕಣ್ರೀ, ಹುಳ!” ಕೋದಂಡಪ್ಪ ಕೂಗಿದ.

“ನಮ್ಮ ಕಾಲದಲ್ಲೂ ಇಂಗೇ ಏಳ್ತಿದ್ರು,” ಎಂದು ದೊಡ್ಡವೆಂಕಟಪ್ಪ ಮೆಚ್ಚಿಕೆಯಿಂದ ತಲೆದೂಗಿದ. “ಒಬ್ಬ ಕಡ್ಲೇಪುಡಿ ಅಂದಿದ್ದ.”

ಅಷ್ಟರಲ್ಲಿ ಜನ ಎರಡು ಪಾಲಾಗಿ ದಾರಿ ಬಿಟ್ಟರು. ಪೊಲೀಸ್ ದಫೇದಾರರು ಬಂದರು. ಅವರಿಗಿಂತ ಒಂದು ಹೆಜ್ಜೆ ಮುಂದೆ ಅವರ ಮೀಸೆ ಬಂತು.

“ಮೂಲಂಗಿ ಗಿಡದಲ್ಲಿ ಚಿನ್ನ ಬಿಡ್ತದೇನಯ್ಯಾ?” ಎನ್ನುತ್ತಾ ಅವರು ಬಟ್ಟೆಯ ಮೇಲೆ ಮೂಗಿಟ್ಟು ನೋಡಿದರು. ಅದೇ ಗಳಿಗೆಗೆ ಒಂದು ದುಂಬಿಗೆ ಮಂಪರು ಹರಿದು, ದಪ್ಪ ತೊಡೆ ಮಡಿಸಿ, ಪಟ್ಟನೆ ನೆಗೆದು ಅವರ ಮೀಸೆಯ ಪೊದೆಯೊಳಗೆ ಹೊಕ್ಕಿತು. ದಫೇದಾರರು ಏಳು ಸಲ ಸೀನಿದರು. ಮೂವತ್ತು ಜನ ನಕ್ಕರು. ದೊಡ್ಡವೆಂಕಟಪ್ಪ ಮಾತ್ರ ಮೋಸಹೋದವನಂತೆ ಟೀ ಅಂಗಡಿಗೆ ವಾಪಸಾದ.

“ಚಿನ್ನ ನೆಗೆಯಲ್ಲ,” ಎಂದು ದಫೇದಾರರು ಕಣ್ಣೊರೆಸಿಕೊಂಡು ತೀರ್ಪು ಕೊಟ್ಟರು. “ಎತ್ಕೊಂಡು ಹೊರಡಯ್ಯಾ, ಬೇಗ ಹೊರಡು.”

ಹೋದ ಜೀವ ಬಂದಂತಾಗಿ ಕೋದಂಡಪ್ಪ ಆಗಲೇ ಕ್ಷೌರ ಮುಗಿದಿದ್ದ ಉಳಿದ ಹತ್ತೊಂಬತ್ತನ್ನು ಸೀಸೆಗೆ ತುಂಬಿಕೊಂಡು ಗಾಡಿ ಹಿಡಿದ.

ಕೀಟತಜ್ಞರು ನಾಲ್ಕಕ್ಕೆ ಸರಿಯಾಗಿ ಬಂದರು. ಕಡ್ಡಿಯಂಥ ಮೈ, ಮೆತ್ತನೆಯ ಮಾತು. ಆಫೀಸಿನ ಮೇಜಿನ ಮೇಲೆ ಸೂಕ್ಷ್ಮದರ್ಶಕ ಇಟ್ಟು, ಮೊದಲ ದುಂಬಿಯನ್ನು ಕೆಳಗಿಟ್ಟು ಎಣಿಸತೊಡಗಿದರು.

“ಏಳು... ಎಂಟು... ಒಂಬತ್ತು.”

ನಿಲ್ಲಿಸಿದರು. ಇನ್ನೊಂದನ್ನು ಇಟ್ಟರು. ಅದೂ ಒಂಬತ್ತು. ಹತ್ತೊಂಬತ್ತಕ್ಕೂ ಒಂಬತ್ತೇ.

ಕೋದಂಡಪ್ಪ ಬೆನ್ನ ಹಿಂದೆ ಬೆರಳು ಮಡಿಸಿ ಲೆಕ್ಕ ಹಾಕಿದ. ಒಂಬತ್ತು ಉಳಿದಿದೆ, ಒಂದು ಕಿತ್ತದ್ದು. ಅಂದರೆ ಹುಟ್ಟಿದಾಗಿನಿಂದ ಅದಕ್ಕೆ ಇದ್ದದ್ದೇ ಹತ್ತು! ಎಣಿಸದೆ ಬರೆದ ಹತ್ತು ದಿಟವಾದ ಹತ್ತಾಗಿತ್ತು. ಸುಮ್ಮನೆ ಮನೆಯಲ್ಲಿ ಮಲಗಿದ್ದರೂ ಕೆಲಸ ಉಳಿಯುತ್ತಿತ್ತು.

“ತಾವು ಹತ್ತು ಅಂತ ಬರೆದಿದ್ರಿ,” ಅಂದರು ತಜ್ಞರು.

“ಕಣ್ಣು ಸ್ವಲ್ಪ ಮಂಜು ಸ್ವಾಮಿ.”

“ಇರಲಿ ಬಿಡಿ. ಬರೀ ಭೂತಗನ್ನಡೀಲಿ ನೋಡಿದ್ರೆ ಒಂದು ಹೆಚ್ಚುಕಮ್ಮಿ ಆಗ್ತದೆ. ಹನ್ನೊಂದಲ್ಲ ಅಂತ ಗುರುತಿಸಿದ್ರಲ್ಲ, ಅದು ದೊಡ್ಡದು. ನೀವು ನೋಡೇ ಬರೆದಿದ್ದೀರಿ ಅಂತ ನಾನು ಬರ್ಕೊಡ್ತೀನಿ.”

ತಲೆಯ ಮೇಲಿನ ರುಬ್ಬುಗುಂಡು ಇಳಿದಂತಾಯಿತು ಕೋದಂಡಪ್ಪನಿಗೆ. ಶ್ರೀರಾಮಪ್ಪ ಖುಷಿಯಲ್ಲಿ ಎದುರು ಹೋಟೆಲಿನಿಂದ ಮೂರು ಕಾಫಿ ತರಿಸಿದ. ತಜ್ಞರ ಕಣ್ಣು ಮಾತ್ರ ಮಸೂರ ಬಿಟ್ಟು ಏಳಲಿಲ್ಲ.

“ಮೂವತ್ತು ವರ್ಷದ ಸರ್ವೀಸಲ್ಲಿ ಮೂಲಂಗಿ ಮೇಲೆ ಒಂಬತ್ತು ಗೆಣ್ಣಿಂದು ನಾನು ಕಂಡಿಲ್ಲ. ಮೀಸೆ ತುದಿ ಬೇರೆ ಕತ್ತರಿಸಿದ ಹಾಗೆ ಮೊಂಡು. ಎಂಥ ಲಕ್ಷಣ! ಇದು ಹೊಸ ಕುಲಾನೇ ಇರಬೇಕು ಕೋದಂಡಪ್ಪನವರೇ. ನಿಮ್ಮ ಹೆಸರೇ ಇಡೋಣ.”

ಕೋದಂಡಪ್ಪ ನಾಚಿ, ನಕ್ಕು, ಒಂದು ಗುಟುಕು ಕಾಫಿ ಕುಡಿದ. ಬೆಳಗಿನಿಂದ ಹೊಟ್ಟೆಗೆ ಬಿದ್ದ ಮೊದಲ ಪದಾರ್ಥ ಅದು. ಅಮೃತದ ಹಾಗಿತ್ತು.

“ಅದಕ್ಕೇ ನಾನು ಇವತ್ತು ವಾಪಸು ಹೋಗಲ್ಲ,” ಎನ್ನುತ್ತಾ ತಜ್ಞರು ಹಾಸಿಗೆ ಸುತ್ತಿದ್ದ ಹಗ್ಗ ಬಿಚ್ಚತೊಡಗಿದರು. “ಬೆಳಿಗ್ಗೆ ಮೊದಲ ಬಸ್ಸಿಗೆ ಇಬ್ಬರೂ ಬೂದಿಕೋಟೆಗೆ ಹೋಗಿ ಇನ್ನೊಂದು ಇನ್ನೂರು ಹಿಡಿಯೋಣ. ನೀವು ಹಿಡಿದು ಹಿಡಿದು ಕೊಡಿ. ನಾನು ಅಲ್ಲೇ ಬದುವಿನ ಮೇಲೆ ಕೂತು, ಒಂದೊಂದನ್ನೂ ಬಿಸಿಬಿಸಿಯಾಗೇ ಎಣಿಸ್ತೀನಿ.”

ಶ್ರೀರಾಮಪ್ಪ ಮೆಲ್ಲಗೆ ಕೈ ಚಾಚಿ, ಬೀಳುವುದಕ್ಕೆ ಮೊದಲೇ, ಕೋದಂಡಪ್ಪನ ಕೈಯಿಂದ ಕಾಫಿ ಲೋಟ ಇಸಕೊಂಡ.