ರಾವಂದೂರಿನ ಜಗಲಿಗೆ ಬಾರದ ಸಿನಿಮಾ

ದುಡ್ಡು ಕೊಟ್ಟು ತಂದ ಪದಾರ್ಥವೇ ನನ್ನ ಮೇಲೆ ಯಜಮಾನಿಕೆ ಮಾಡೋದು ಇದೇನು ಮೊದಲಲ್ಲ. ಕೊಂಡ ಹೋರಿ ನನ್ನನ್ನೇ ಹಳೇ ಯಜಮಾನನ ಮನೆಗೆ ಎಳ್ಕೊಂಡು ಹೋಗಿದೆ. ಕೊಂಡ ಟಾರ್ಚು ಹಗಲು ಹೊತ್ತು ಮಾತ್ರ ಹತ್ತಿದೆ. ಆದರೆ ಕೊಂಡ ಮೇಲೂ “ನಿನ್ನ ಮನೆಗೆ ಬರಲ್ಲ” ಅಂದಿದ್ದು ಒಂದು ಸಿನಿಮಾ. ಅದಕ್ಕೆ ನಾನು ಎಷ್ಟು ಬೈದೆ ಅಂದ್ರೆ, ಕಂಪ್ಯೂಟರ್ ಕಂಡುಹಿಡಿದೋನಿಗೆ ಬಿಕ್ಕಳಿಕೆ ಹತ್ತಿರಬೇಕು. ನನಗೆ ಅಕ್ಷರ ಬರಲ್ಲ. ನಾನು ಹೇಳ್ತೀನಿ, ಮೊಮ್ಮಗಳು ಬರೀತಾಳೆ. ಮಧ್ಯೆ ಅವಳು ನಕ್ಕರೆ ಅದು ನನ್ನ ಜವಾಬ್ದಾರಿ ಅಲ್ಲ.

೧. ಆನೆಗೆ ಎಷ್ಟು ದಂತ?

ನಾನು ಹರೆಯದಲ್ಲಿದ್ದಾಗ ಕಾಕನಕೋಟೆ ಕಾಡಿಗೆ ಸಿನಿಮಾದವರು ಬಂದಿದ್ದರು. ಅವರ ಸಾಮಾನು ಹೊರೋಕೆ ನನ್ನ ಗಾಡಿ, ನನ್ನ ಎತ್ತು. ಕ್ಯಾಮೆರಾ ಓಡ್ತಾ ಇರೋವಾಗಲೇ ಒಂದು ಒಂಟಿ ಸಲಗ ನುಗ್ಗಿ ಬಂತು. ಹೀರೋ ಅನ್ನಿಸ್ಕೊಂಡೋನು ಗಾಡಿ ಕೆಳಗೆ! ನಾನು ಎದುರಿಗೆ ನಿಂತು, ಎರಡು ದಂತಾನೂ ಹಿಡ್ಕೊಂಡು, “ಹಿಂದಕ್ಕೆ ಹೋಗಪ್ಪಾ” ಅಂದೆ. ಹೋಯ್ತು. ಹೋಗೋವಾಗ ಸೊಂಡಿಲೆತ್ತಿ ನಮಸ್ಕಾರ ಬೇರೆ ಮಾಡ್ತು. ಇಷ್ಟೂ ಸಿನಿಮಾದಲ್ಲಿ ಸೇರಿದೆ ಅಂತ ಆಮೇಲೆ ಯಾರೋ ಹೇಳಿದ್ರು. ಆದರೆ ಆ ಸಿನಿಮಾ ನಮ್ಮ ಕಡೆ ಟೆಂಟಿಗೆ ಬರಲೇ ಇಲ್ಲ. ನಾನೂ ನೋಡಲಿಲ್ಲ. ನೋಡೋದೇನು, ಅಲ್ಲಿದ್ದೋನೇ ನಾನು!

ನನ್ನ ಹೆಂಡತಿಯ ತಮ್ಮ ರಾವಂದೂರಿನವನು. ಮೂವತ್ತು ವರ್ಷ ಈ ಕಥೆ ಕೇಳಿಸ್ಕೊಂಡವನು ಒಂದು ಬೀಗರೂಟದಲ್ಲಿ, ನೆಂಟರಿಗೆಲ್ಲ ಕೇಳೋ ಹಂಗೆ ಅಂದ:

“ಸಾಕು ಬುಡಿ ಭಾವ. ಹೋದ ವರ್ಷ ಒಂದು ದಂತ ಹಿಡಿದಿದ್ರಿ, ಈ ವರ್ಷ ಎರಡಾಗದೆ. ಬರೋ ವರ್ಷ ಮೂರನೇದು ಎಲ್ಲಿಂದ ತತ್ತೀರಿ?”

ಎಲೆ ಬಿಟ್ಟು ಎದ್ದೆ. ಕೈಲಿದ್ದ ನಲ್ಲಿಮೂಳೆ ಮಾತ್ರ ಬಿಡಲಿಲ್ಲ. ಅದನ್ನೇ ಅವನ ಕಡೆ ತೋರಿಸಿ ಅಂದೆ:

“ನಿನ್ನ ಮನೆ ಜಗಲಿ ಮೇಲೆ, ನಿಮ್ಮೂರ ಹಿರೀಕರ ಮುಂದೆ ಆ ಸಿನಿಮಾ ತೋರಿಸ್ತೀನಿ ಕಣ್ಲಾ. ನಾನು ಹೇಳಿದಂಗೆ ಇಲ್ದಿದ್ರೆ ಈ ಮೀಸೆ ಬೋಳಿಸ್ಕೋತೀನಿ. ಇದ್ರೆ ನಿನ್ನದು ಬೋಳಿಸ್ತೀನಿ.”

“ನಮ್ಮ ಜಗಲಿ ಮೇಲೇ ತಾನೆ? ಆಮೇಲೆ ಮಾತು ತಿರುಗಿಸಂಗಿಲ್ಲ.”

“ಜಗಲಿ ಬಿಟ್ಟು ಒಂದಡಿ ಆಚೆಗಾದ್ರೂ ಅದು ಲೆಕ್ಕಕ್ಕಿಲ್ಲ!”

ಅವನ ಮೀಸೆ ಬುಡಿ, ಇರುವೆ ಸಾಲು. ಹೋದರೆ ಯಾರಿಗೂ ಗೊತ್ತಾಗಲ್ಲ. ನನ್ನದು ಹಂಗಲ್ಲ. ಒಂದು ಗುಬ್ಬಿ ಬಂದು ಗೂಡು ಕಟ್ಟೋಕೆ ಜಾಗ ನೋಡ್ಕೊಂಡು ಹೋಗಿತ್ತು.

೨. ನ್ಯಾಯದ ರೇಟು

ಹುಣಸೂರಿನ ಸಿ.ಡಿ. ಅಂಗಡಿಗಳನ್ನೆಲ್ಲ ಜಾಲಾಡಿದೆ. ಸಿಗಲಿಲ್ಲ. ಕೊನೆಗೆ ಇಂಟರ್‌ನೆಟ್ ಅಂಗಡಿಯವನು ಕಂಪ್ಯೂಟರ್‌ನಲ್ಲಿ ಹುಡುಕಿ ಹೇಳಿದ:

“ಒಂದು ಕಂಪನಿ ಮಾರ್ತಾ ಇದೆ ಯಜಮಾನ್ರೇ. ದುಡ್ಡು ಕಟ್ಟಿದ್ರೆ ಈ ಕಂಪ್ಯೂಟರ್‌ಗೇ ಇಳಿಯುತ್ತೆ. ನಾನೂರೈವತ್ತು ರೂಪಾಯಿ.”

“ಬಸ್ ಸ್ಟ್ಯಾಂಡ್ ಮುಂದೆ ಮೂವತ್ತು ರೂಪಾಯಿಗೆ ಮೂರು ಸಿನಿಮಾ ಕೊಡ್ತಾರಲ್ಲಯ್ಯ! ಅದಕ್ಕೆ ಡಬ್ಬಿ ಇರ್ತದೆ, ಡಬ್ಬಿ ಮೇಲೆ ಹೀರೋಯಿನ್ ಇರ್ತಾಳೆ. ಇದಕ್ಕೇನದೆ? ಡಬ್ಬಿ ಇಲ್ಲ, ತಟ್ಟೆ ಇಲ್ಲ, ಲಾರಿ ಬಾಡಿಗೆ ಇಲ್ಲ. ಗಾಳೀಲಿ ಬರೋದಕ್ಕೆ ನಾನೂರೈವತ್ತಾ?”

“ಅದು ಕಳ್ಳ ಸಿ.ಡಿ. ಯಜಮಾನ್ರೇ, ಇದು ನ್ಯಾಯವಾದದ್ದು.”

“ನ್ಯಾಯಕ್ಕೆ ಇಷ್ಟು ರೇಟಾದ್ರೆ ಜನ ಕಳ್ಳರಾಗ್ದೆ ಇನ್ನೇನಾಗ್ತಾರೆ?”

ಮೀಸೆ ನೆನಪಾಯ್ತು, ಕೊಟ್ಟೆ. ಅವನು ತನ್ನ ಬ್ಯಾಂಕ್ ಕಾರ್ಡಲ್ಲಿ ಕಟ್ಟಿದ. ಆಮೇಲೆ ಅದು ಇಳಿಯೋಕೆ ಶುರುವಾಯ್ತು. ದಿನಾ ನಮ್ಮೂರು ಕಂಪಲಾಪುರದಿಂದ ಬಸ್ ಹತ್ತಿ ಹೋಗಿ ಕೇಳೋದು. “ಅರ್ಧ ಬಂದಿತ್ತು ಯಜಮಾನ್ರೇ, ಕರೆಂಟ್ ಹೋಯ್ತು. ಮತ್ತೆ ಮೊದಲಿಂದ.” ಮೊದಲ ದಿನ ಗಬ್ಬದಲ್ಲಿದ್ದ ನಮ್ಮ ಎಮ್ಮೆ, ಸಿನಿಮಾ ಪೂರ್ತಿ ಇಳಿಯೋ ಹೊತ್ತಿಗೆ ಕರು ಹಾಕಿ, ಆ ಕರು ನನ್ನನ್ನೇ ಹಾಯೋಕೆ ಕಲಿತಿತ್ತು.

೩. ಹಸು ನಿಮ್ಮದು, ಹಗ್ಗ ನಮ್ಮದು

ಹತ್ತು ರೂಪಾಯಿ ಕೊಟ್ಟು ಒಂದು ಖಾಲಿ ಸಿ.ಡಿ. ತಗೊಂಡು, ಟವಲಲ್ಲಿ ಸುತ್ಕೊಂಡು ಹೋದೆ. “ಇದಕ್ಕೆ ಹಾಕ್ಕೊಡಪ್ಪ, ರಾವಂದೂರಿಗೆ ತಗೊಂಡೋಗ್ತೀನಿ.”

“ಆಗಲ್ಲ ಯಜಮಾನ್ರೇ. ಕಾಪಿ ಆಗದ ಹಂಗೆ ಬೀಗ ಹಾಕವ್ರೆ.”

“ಬೀಗದ ಕೈ ಎಲ್ಲಿ?”

“ಕಂಪನಿ ಹತ್ರ. ನಿಮಗೆ ಕೊಟ್ಟಿರೋದು ಬರೀ ಲೈಸೆನ್ಸು. ಒಂದು ಕಂಪ್ಯೂಟರ್‌ಗೆ ಮಾತ್ರ.”

ಲೈಸೆನ್ಸ್ ಅಂದ್ರೆ ನನಗೆ ಗೊತ್ತಿಲ್ಲದ್ದಾ? ನಾನು ಹೊಗೆಸೊಪ್ಪು ಬೇಯಿಸೋ ಬ್ಯಾರನ್ ಮನೆಗೂ ಲೈಸೆನ್ಸ್ ಅದೆ. ಆದರೆ ಬೇಯಿಸಿದ ಸೊಪ್ಪನ್ನ “ಬ್ಯಾರನ್ ಒಳಗೇ ಇಟ್ಕೊಂಡು ನೋಡ್ತಾ ಕೂತ್ಕೋ, ಹೊರಕ್ಕೆ ತೆಗೀಬೇಡ” ಅಂತ ಇವತ್ತಿನವರೆಗೂ ಯಾವ ಅಧಿಕಾರಿಯೂ ಅಂದಿಲ್ಲ! ಹಸು ಮಾರಿ, ದುಡ್ಡು ಎಣಿಸ್ಕೊಂಡು, “ಹಸು ನಿಮ್ಮದು, ಹಗ್ಗ ನಮ್ಮದು, ಕೊಟ್ಟಿಗೆ ಹುಣಸೂರಿಂದು” ಅನ್ನೋದು ಯಾವ ಸಂತೆ ನ್ಯಾಯ? ಅಂಗಡೀಲಿ ಕೂತು ಮಂಗಳಾರತಿ ಎತ್ತಿದೆ. ಅಂಗಡಿಯವನು ಪಾಪ, ನನಗೊಂದು ಟೀ ತರಿಸಿದ.

ಖಾಲಿ ಸಿ.ಡಿ.ಯನ್ನ ನನ್ನ ಹೆಂಡತಿ ಜೋಳದ ಹೊಲದಲ್ಲಿ ಗಿಳಿ ಓಡಿಸೋಕೆ ಕಟ್ಟಿದಳು. ನಾನೂರೈವತ್ತರದು ಎಲ್ಲೂ ಬರಲಿಲ್ಲ. ಹತ್ತು ರೂಪಾಯಿಯದು ಕಟ್ಟಿದ ಕಡೆ ಕೆಲಸ ಮಾಡ್ತು.

೪. ಆರಿದ ಬಿಸಿನೀರು

ಸಿನಿಮಾ ಹೊರಕ್ಕೆ ಬರಲ್ಲ ಅಂದ್ರೆ ಕಂಪ್ಯೂಟರ್ ಬರಬೌದಲ್ಲ? ಅಂಗಡಿಯವನನ್ನ ಕಾಡಿ ಬೇಡಿ, ಕಂಪ್ಯೂಟರ್ ಜೊತೆ ಅವನನ್ನೂ ಲಗೇಜ್ ಆಟೋಗೆ ಹತ್ತಿಸಿದೆ. ಪೆಟ್ಟಿಗೆಗೆ ಕಂಬಳಿ ಹೊದಿಸಿ, ಟಿ.ವಿ.ಯಂಥದ್ದನ್ನ ಬಾಣಂತಿ ಕೂಸಿನ ಹಂಗೆ ತೊಡೆ ಮೇಲಿಟ್ಕೊಂಡು ರಾವಂದೂರಿಗೆ ಹೋದೆ.

ಜಗಲಿ ತುಂಬಾ ಹಿರೀಕರು. ಭಾಮೈದ ಕ್ಷೌರದವನನ್ನೂ ಕರೆಸಿ, ಬಿಸಿನೀರು ಕಾಯಿಸಿ ಇಡಿಸಿದ್ದ. ಕಂಪ್ಯೂಟರ್ ಹೊತ್ತಿತು. ಸಿನಿಮಾ ಬದಲು ನಾಲ್ಕು ಸಾಲು ಅಕ್ಷರ ಬಂತು. ಅಂಗಡಿಯವನು ಓದಿ ತಲೆ ಕೆರ್ಕೊಂಡ:

“ತೆಗೆಯೋಕೆ ಮುಂಚೆ ಇಂಟರ್‌ನೆಟ್‌ನಲ್ಲಿ ಕಂಪನಿಯೋರ ಅಪ್ಪಣೆ ಕೇಳಬೇಕಂತೆ.”

“ಕೇಳಪ್ಪ ಮತ್ತೆ!”

“ಇಲ್ಲಿ ಇಂಟರ್‌ನೆಟ್ ಎಲ್ಲದೆ ಯಜಮಾನ್ರೇ?”

“ನನ್ನ ದುಡ್ಡು, ನನ್ನ ಸಿನಿಮಾ, ಅದರಲ್ಲಿರೋನೂ ನಾನು! ನನ್ನನ್ನ ನಾನು ನೋಡ್ಕೊಳ್ಳೋಕೆ ಯಾವನ ಅಪ್ಪಣೆ?” ಅಂತ ಕಿರುಚಿದೆ. ಕಂಪ್ಯೂಟರ್ ಅಳ್ಳಾಡಲಿಲ್ಲ. ಒಬ್ಬ ಹಿರೀಕರು, “ಮೈ ಮೇಲೆ ದೇವರು ಬರ್ಸೋಕೂ ಇಷ್ಟು ಕಷ್ಟ ಇಲ್ಲ ಕಣಪ್ಪ” ಅಂತ ಎದ್ದು ಹೋದರು.

ಆಗ ಕ್ಷೌರದವನು ಕೇಳಿದ: “ಬಿಸಿನೀರು ಆರ್ತಾ ಅದೆ ಸ್ವಾಮಿ. ಯಾರದ್ದಾದ್ರೂ ಒಂದು ಮೀಸೆ ಹೇಳಿ.”

೫. ಬೀಗ ಅಂದ್ರೆ ಹಿಂಗಿರಬೇಕು

ಭಾಮೈದ ಬಿಡಲಿಲ್ಲ. “ಅದು ಬರ್ದಿದ್ರೆ ನಾವೇ ಹೋಗಿ ನೋಡಾನ ಬನ್ನಿ” ಅಂತ ಎರಡು ದಿನ ಬಿಟ್ಟು ಟ್ರ್ಯಾಕ್ಟರ್ ಕಟ್ಟಿಸ್ದ. ಹತ್ತು ಜನ, ಜೊತೆಗೆ ಕ್ಷೌರದವನು. ಎಲ್ಲರೂ ಹುಣಸೂರಿನ ಅಂಗಡೀಲಿ ಒಬ್ಬರ ಹೆಗಲ ಮೇಲೆ ಒಬ್ಬರು. ಇಲ್ಲಿ ಕಂಪನಿ ಅಪ್ಪಣೆ ಕೊಡ್ತು. ಸಿನಿಮಾ ಶುರುವಾಯ್ತು.

ಕಾಡು ಬಂತು. ನನ್ನ ಗಾಡಿ ಬಂತು, ನನ್ನ ಎತ್ತು ಬಂದವು. “ನೋಡ್ರಲಾ!” ಅಂದೆ. ಆಮೇಲೆ ದೂರದಲ್ಲಿ ಆನೆ ಬಂತು. ಆನೆ ಅಂದ್ರೆ, ಮರಿ. ದಂತ ಇನ್ನೂ ಮೂಡಿರಲಿಲ್ಲ. ತನ್ನ ಪಾಡಿಗೆ ಬಿದಿರು ತಿಂತಾ ಇತ್ತು. ಗಾಡಿಯಿಂದ ಒಬ್ಬ “ಅಯ್ಯಯ್ಯಪ್ಪೋ” ಅಂತ ಹಾರಿದ. ಪಂಚೆ ಗಾಡಿ ಗೂಟಕ್ಕೆ ಸಿಕ್ಕಿ ಅಲ್ಲೇ ಉಳೀತು. ಪಟ್ಟಾಪಟ್ಟಿ ಚಡ್ಡೀಲಿ ಮರ ಹತ್ತಿ ತುದಿ ಕೊಂಬೇಲಿ ಕೂತ. ಅವನು ಕಿರುಚಿದ್ದಕ್ಕೆ ಹೆದರಿ ಮರಿ ಓಡಿಹೋಯ್ತು. ಮುಖ ಕಾಣ್ತಿರಲಿಲ್ಲ. ಆದರೆ ಎಲೆಗಳ ಸಂದೀಲಿ ಆ ಕಡೆ ಒಂದು, ಈ ಕಡೆ ಒಂದು, ಮೀಸೆ ತುದಿ ಕಾಣ್ತಿತ್ತು.

“ಆನೆ ಹಿಂದಕ್ಕೆ ಹೋಯ್ತೋ ಇಲ್ವೋ, ಅದು ಹೇಳಿ!” ಅಂದೆ. ನಗೋ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಕ್ಷೌರದವನು ಪೆಟ್ಟಿಗೆ ತೆಗೆದ.

“ಹಿಂಗೆ ಬೆಳಕಿಗೆ ಕೂತ್ಕೊಳಿ ಭಾವ” ಅಂದ ಭಾಮೈದ.

“ತಡಿಯೋ. ಕರಾರೇನು? ನಿನ್ನ ಜಗಲಿ ಮೇಲೆ ತೋರಿಸ್ಬೇಕು. ಒಂದಡಿ ಆಚೆಗಾದ್ರೂ ಲೆಕ್ಕಕ್ಕಿಲ್ಲ. ಇದು ಹುಣಸೂರು.”

ಅವನ ಮುಖ ನೋಡಬೇಕಿತ್ತು! ಅಂಗಡಿಯವನ ಕಡೆ ತಿರುಗಿದ. “ಸ್ವಾಮಿ, ಸಾವಿರ ಕೊಡ್ತೀನಿ, ಒಂದೇ ಒಂದು ಸಿ.ಡಿ.ಗೆ ಹಾಕ್ಕೊಡಿ.”

“ಆಗಲ್ಲ, ಬೀಗ ಇದೆ.”

“ಹಂಗಾರೆ ನನ್ನ ಹೆಸರಲ್ಲೇ ಇನ್ನೊಂದು ಕೊಂಡ್ಕೋತೀನಿ!”

“ಕೊಂಡ್ಕೊಳಿ. ಇಂಟರ್‌ನೆಟ್ ಇಲ್ದೆ ಅದೂ ನಿಮ್ಮ ಜಗಲೀಲಿ ತೆರ್ಕೊಳಲ್ಲ.”

ಅಷ್ಟು ದಿನ ನಾನು ಬೈದಿದ್ದ ಬೈಗುಳಾನೆಲ್ಲ ಅವನು ಒಂದೂ ಬಿಡದೆ, ಅದೇ ಸಾಲಾಗಿ ಬೈದ. ಅದನ್ನ ಕಾಪಿ ಮಾಡೋಕೆ ಮಾತ್ರ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ.

ನಾನು ಮೀಸೆ ತಿರುವಿ ಹೇಳಿದೆ: “ಕಂಪನಿಯೋರನ್ನ ಹಂಗೆಲ್ಲ ಬೈಬಾರ್ದು ಕಣ್ಲಾ, ಪಾಪ ಬರ್ತದೆ. ಬೀಗ ಅಂದ್ರೆ ಹಿಂಗಿರಬೇಕು. ಇದಕ್ಕೆ ನಾನೂರೈವತ್ತು ಕಮ್ಮಿ ಆಯ್ತು!”